ಅಮ್ಮನ ನೆನಪಿನ ಪರೀಕ್ಷೆ: ಎಷ್ಟು ಅಂಕ ಬಂತು, ಎಲ್ಲಿ ಅಂಕ ಹೋಯಿತು

ಅಮ್ಮನಿಗೆ ಮೊದಲ ಸಲ ನೆನಪಿನ ಪರೀಕ್ಷೆ ಮಾಡಿದಾಗ 30ಕ್ಕೆ 15 ಬಂತು. ಕೊನೆಯ ಸಲ ಬಂದದ್ದು 25. ಈ ಎರಡು ಅಂಕಗಳನ್ನಷ್ಟೇ ಕೇಳಿದವರು "ಹಾಗಾದರೆ ವಾಸಿಯಾಯ್ತಲ್ಲ" ಅನ್ನುತ್ತಾರೆ. ಆಗಿಲ್ಲ. 15 ಬಂದಾಗ ನಾವು ಹೆದರಿದಷ್ಟು ಅವಳ ಸ್ಥಿತಿ ಕೆಟ್ಟಿರಲಿಲ್ಲ, 25 ಬಂದಾಗ ಸಂತೋಷಪಟ್ಟಷ್ಟು ಚೆನ್ನಾಗಿಯೂ ಇರಲಿಲ್ಲ. ಮನೆಯ ಹಿರಿಯರನ್ನು ಇಂಥ ಪರೀಕ್ಷೆಗೆ ಕರೆದುಕೊಂಡು ಹೋಗೋದೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿರುವವರು ಬಹಳ ಮಂದಿ ಇದ್ದಾರೆ. ಅವರಿಗಾಗಿ, ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನಾನು ಕಂಡ ಹಾಗೆ ಬರೆಯುತ್ತಿದ್ದೇನೆ.

ಅಮ್ಮ ಓದಿದ್ದು ನಾಲ್ಕನೇ ತರಗತಿವರೆಗೆ. ಹೊಲಿಗೆ ಮಾಡಿ ನನ್ನನ್ನೂ ತಮ್ಮನನ್ನೂ ಬೆಳೆಸಿದವಳು. ಗಿರಾಕಿಗಳ ಅಳತೆಯನ್ನು ಅವಳು ಬರೆದಿಟ್ಟುಕೊಂಡದ್ದನ್ನು ನಾನು ನೋಡಿದ್ದೇ ಕಡಿಮೆ. ತೋಳು ಎಷ್ಟು, ಸೊಂಟ ಎಷ್ಟು, ಹೋದ ಸಲಕ್ಕಿಂತ ಎಷ್ಟು ದಪ್ಪಗಾಗಿದ್ದಾರೆ, ಎಲ್ಲವೂ ತಲೆಯಲ್ಲೇ ಇರುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಕೇಳಿದ್ದನ್ನೇ ಕೇಳಲು ಶುರುಮಾಡಿದಳು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಸಲ ನುಂಗಿದಳು. ವಸ್ತುಗಳ ಹೆಸರಿನ ಜಾಗಕ್ಕೆ "ಅದೇ, ಅದು" ಬಂತು.

"ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ? ಅವಳಿಗೆ ಎಪ್ಪತ್ತಾಗಿದೆ ಅಕ್ಕಾ, ಬಿಡು" ಅಂದ ತಮ್ಮ. ನನಗೆ ಬಿಡಲಾಗಲಿಲ್ಲ. ನಾನೂ ಹೆಸರು ಮರೆಯುತ್ತೇನೆ, ಆದರೆ ಸಂಜೆಯೊಳಗೆ ಅದು ತಾನಾಗಿ ನೆನಪಿಗೆ ಬರುತ್ತದೆ. ಯಾರಾದರೂ ಸುಳಿವು ಕೊಟ್ಟರೆ "ಹೌದಲ್ಲಾ" ಅನ್ನುತ್ತೇನೆ. ಅಮ್ಮನಲ್ಲಿ ಆ "ಹೌದಲ್ಲಾ" ಬರುತ್ತಿರಲಿಲ್ಲ. ನಿನ್ನೆ ಮನೆಗೆ ಬಂದು ಹೋದವರ ಬಗ್ಗೆ ಎಷ್ಟು ಸುಳಿವು ಕೊಟ್ಟರೂ, ಅವರು ಬಂದೇ ಇಲ್ಲವೆಂದು ಗಟ್ಟಿಯಾಗಿ ವಾದಿಸುತ್ತಿದ್ದಳು. ನನ್ನ ಎದೆ ನಡುಗಿದ್ದು ಮರೆವಿಗಲ್ಲ, ಆ ಖಚಿತತೆಗೆ.

ಮೊದಲು ಹೋದ ಕಡೆ ಪರೀಕ್ಷೆ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿದುಹೋಯಿತು. ಬಾಗಿಲು ತೆರೆದೇ ಇತ್ತು, ಹೊರಗೆ ಕಾಯುತ್ತಿದ್ದವರ ಗದ್ದಲ ಒಳಕ್ಕೆ ಬರುತ್ತಿತ್ತು. ಮಾಡಿದ್ದು ಮೋಕಾ ಅನ್ನುವ ಪರೀಕ್ಷೆ. ಝಿಯಾದ್ ನಸ್ರದ್ದೀನ್ ಅನ್ನುವ ನರರೋಗ ವೈದ್ಯರು ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ್ದು, ಸಣ್ಣ ಮಟ್ಟದ ಕುಸಿತವನ್ನೂ ಹಿಡಿಯಲೆಂದೇ ರೂಪಿಸಿದ್ದು. ಒಟ್ಟು 30 ಅಂಕ, 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿ ಎಂದು ಲೆಕ್ಕ. ಅಂಕಿ ಮತ್ತು ಅಕ್ಷರಗಳನ್ನು ಒಂದಾದ ಮೇಲೊಂದು ಗೆರೆ ಎಳೆದು ಜೋಡಿಸಬೇಕು. ಆರು ಮುಖದ ಪೆಟ್ಟಿಗೆಯ ಚಿತ್ರ ನೋಡಿ ಹಾಗೆಯೇ ಬಿಡಿಸಬೇಕು. ಒಂದು ಅಕ್ಷರ ಹೇಳಿ, ಅದರಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳುತ್ತಾ ಹೋಗಿ ಅನ್ನುತ್ತಾರೆ. 11 ಪದ ಬಂದರೆ ಒಂದು ಅಂಕ. ಐದು ಪದ ಓದಿ ಹೇಳಿ, ಸುಮಾರು ಐದು ನಿಮಿಷ ಬಿಟ್ಟು ಕೇಳುತ್ತಾರೆ. ಆ ಐದು ಪದ ಯಾವುವು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದಿದ ಯಾರಾದರೂ ಮುಂದೆ ಆ ಕುರ್ಚಿಯಲ್ಲಿ ಕೂರಬಹುದು, ಮೊದಲೇ ಪದ ಗೊತ್ತಿದ್ದರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಪೆಟ್ಟಿಗೆಯ ಚಿತ್ರ ನೋಡಿ ಅಮ್ಮ ಪೆನ್ನು ಕೆಳಗಿಟ್ಟಳು. ಅಂಥದ್ದನ್ನು ಅವಳು ಜನ್ಮದಲ್ಲಿ ಬಿಡಿಸಿರಲಿಲ್ಲ. ಅಕ್ಷರದಿಂದ ಪದ ಹೇಳುವಾಗ ಎರಡಕ್ಕೆ ನಿಂತಳು. ಆದರೆ 100ರಿಂದ 7, 7 ಕಳೆಯುತ್ತಾ ಹೋಗಿ ಅಂದಾಗ, ಎರಡು ಬೆರಳನ್ನು ಮೇಜಿನ ಅಂಚಿನ ಮೇಲೆ ಬಟ್ಟೆ ಅಳೆಯುವ ಹಾಗೆ ಸರಿಸುತ್ತಾ, "ನೂರಿಂಚು ಬಟ್ಟೇಲಿ ಏಳಿಂಚು ಕತ್ತರಿಸಿದ್ರೆ" ಎಂದು ತನಗೆ ತಾನೇ ಹೇಳಿಕೊಂಡು, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು ಎಂದು ತಪ್ಪಿಲ್ಲದೆ ಇಳಿದಳು. ಓದಿದ ನನಗೇ ಎಪ್ಪತ್ತೆರಡರ ಹತ್ತಿರ ಒಂದು ಕ್ಷಣ ಬೇಕಾಗಿತ್ತು. ಐದು ಪದಗಳಲ್ಲಿ ಒಂದೂ ವಾಪಸ್ ಬರಲಿಲ್ಲ.

15 ಅಂಕ ಎಂದು ಬರೆದು, ಡೊನೆಪೆಜಿಲ್ ಅನ್ನುವ ಮಾತ್ರೆಗೆ ಚೀಟಿ ಕೊಟ್ಟರು. "ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ವಯಸ್ಸಾಯ್ತಲ್ಲ" ಅಂದರು. ಶಾಲೆ ಎಷ್ಟು ಓದಿದ್ದೀರಿ ಅಂತ ಕೇಳಿ ಒಂದು ಅಂಕ ಸೇರಿಸಿದ್ದು ನಿಜ, ಆ ನಮೂನೆಯಲ್ಲೇ ಹಾಗಿದೆ: 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದ್ದರೆ ಒಂದು ಅಂಕ ಹೆಚ್ಚು. 12 ವರ್ಷ ಓದಿದವರಿಗೂ ಅದೇ ಒಂದು, ನಾಲ್ಕು ವರ್ಷ ಓದಿದ ನನ್ನಮ್ಮನಿಗೂ ಅದೇ ಒಂದು. ಇದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ಕೇಳಿಸುತ್ತಿದೆಯಾ, ಕಣ್ಣು ಕಾಣುತ್ತಿದೆಯಾ, ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಇದ್ಯಾವುದನ್ನೂ ಯಾರೂ ಕೇಳಲಿಲ್ಲ.

ಚೀಟಿಯ ಮಾತ್ರೆ ಶುರುಮಾಡದೆ, ಹಿರಿಯರ ನೆನಪಿನ ತೊಂದರೆಯನ್ನೇ ನೋಡುವ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಡಾಕ್ಟರು ಮೊದಲ ಅರ್ಧ ಗಂಟೆ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. "ಅಮ್ಮಾ, ನನ್ನ ಮಾತು ಸರಿಯಾಗಿ ಕೇಳಿಸ್ತಿದೆಯಾ?" ಎಂದು ಮುಖ ಪಕ್ಕಕ್ಕೆ ತಿರುಗಿಸಿ ಕೇಳಿದರು. ಬಾಯಿಯ ಚಲನೆ ಕಾಣದಿದ್ದಾಗ ಅಮ್ಮ ಉತ್ತರಿಸಲಿಲ್ಲ. ಕಿವಿಯೊಳಗೆ ನೋಡಿ, ಎರಡೂ ಕಡೆ ಗುಗ್ಗೆ ಗಟ್ಟಿಯಾಗಿದೆ, ಅದರ ಹಿಂದೆ ವಯಸ್ಸಿನ ಕಿವುಡೂ ಇದ್ದ ಹಾಗಿದೆ ಅಂದರು. ಮೊದಲ ಪರೀಕ್ಷೆಯ ದಿನ ಆ ಗದ್ದಲದಲ್ಲಿ ಐದು ಪದಗಳಲ್ಲಿ ಎಷ್ಟು ಅವಳ ಕಿವಿಗೆ ಬಿದ್ದಿದ್ದವೋ! ಕೇಳಿಸದೇ ಇದ್ದ ಪದವನ್ನು ಮರೆತರು ಎಂದು ಬರೆದುಕೊಳ್ಳುವುದು ಎಂಥ ಅನ್ಯಾಯ.

ಆಮೇಲೆ ಮಾತ್ರೆಗಳು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತುಂಬಿಕೊಂಡು ಬನ್ನಿ ಎಂದು ಮೊದಲೇ ಹೇಳಿದ್ದರು. ಯಾರನ್ನಾದರೂ ಇಂಥ ಪರೀಕ್ಷೆಗೆ ಕರೆದುಕೊಂಡು ಹೋಗುವುದಾದರೆ ದಯವಿಟ್ಟು ಇದೊಂದನ್ನು ಮಾಡಿ, ಪಟ್ಟಿ ಬರೆದುಕೊಂಡು ಹೋಗಬೇಡಿ, ಮಾತ್ರೆಗಳನ್ನೇ ಒಯ್ಯಿರಿ. ಪಟ್ಟಿಯಲ್ಲಿ ಬಿಟ್ಟುಹೋಗುವಂಥವು ಚೀಲದಲ್ಲಿ ಸಿಗುತ್ತವೆ. ಅಮ್ಮನ ಚೀಲದಲ್ಲಿ ಮೂರು ಸಿಕ್ಕವು. ಒಂದು, ಎಂದೋ ಯಾರೋ ಬರೆದುಕೊಟ್ಟು ನಿಲ್ಲಿಸದೇ ಉಳಿದ ಬೆಂಜೊಡಯಾಜೆಪೈನ್ ಜಾತಿಯ ನಿದ್ದೆ ಮಾತ್ರೆ. ಅದು ಹಗಲಿನಲ್ಲೂ ಗಮನವನ್ನು ಮಂಕಾಗಿಸುತ್ತದೆ. ಎರಡು, ಪದೇಪದೇ ಮೂತ್ರಕ್ಕೆ ಹೋಗುವುದನ್ನು ತಡೆಯಲು ಕೊಟ್ಟ ಆಕ್ಸಿಬ್ಯುಟಿನಿನ್. ಮೂರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ತೆಗೆದುಕೊಂಡ ಮೆಟ್‌ಫಾರ್ಮಿನ್. ಅದು ಒಳ್ಳೆಯ ಮಾತ್ರೆಯೇ, ಆದರೆ ದೀರ್ಘಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಇಳಿಯಬಹುದು, ಬಿ12 ಇಳಿದರೆ ನೆನಪೂ ಇಳಿಯಬಹುದು.

ಎರಡನೆಯದರ ಬಗ್ಗೆ ಡಾಕ್ಟರು ಹೇಳಿದ್ದು ನನ್ನನ್ನು ಬೆಚ್ಚಿಬೀಳಿಸಿತು. ನೆನಪು ಕೂಡಿಡಲು ಮಿದುಳಿಗೆ ಬೇಕಾದ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಡಿಮೆನ್ಷಿಯಾ ತರುವ ಕಾಯಿಲೆಗಳಲ್ಲೊಂದಾದ ಅಲ್ಜೈಮರ್‌ನಲ್ಲಿ ಕಡಿಮೆಯಾಗುವುದೂ ಅದೇ. ಮೊದಲ ಕಡೆ ಬರೆದುಕೊಟ್ಟ ಡೊನೆಪೆಜಿಲ್ ಅದನ್ನು ಹೆಚ್ಚಿಸಲು ಇರುವ ಮಾತ್ರೆ. ಮೂತ್ರದ ಮಾತ್ರೆ ಅದೇ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಚೀಲ ತೆರೆಯದೆ ಹೋಗಿದ್ದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತಾ ಎರಡೂ ಒಂದೇ ದೇಹದೊಳಗೆ ಇರುತ್ತಿದ್ದವು.

ಪರೀಕ್ಷೆಗೆ ಮುಂಚೆ ಡಾಕ್ಟರು ಅಮ್ಮನಿಗೆ ಎರಡು ಪ್ರಶ್ನೆ ಕೇಳಿದರು. ಫಲಿತಾಂಶ ಯಾರಿಗೆ ಹೇಳಬೇಕು ಅನ್ನುವುದು ಮೊದಲನೆಯದು. "ತಲೆ ನಂದು, ನಂಗೇ ಹೇಳಿ. ಅವಳು ಪಕ್ಕದಲ್ಲಿ ಕೂತಿರ್ಲಿ" ಅಂದಳು ಅಮ್ಮ. ಎರಡನೆಯದು, "ನಿಮ್ಮ ಮಗಳ ಹತ್ರ ಬೇರೆ ಕೂತು ನಿಮ್ಮ ಬಗ್ಗೆ ಸ್ವಲ್ಪ ಮಾತಾಡ್ಬೇಕು, ಆಗಬಹುದಾ?" ಅಮ್ಮ ನನ್ನ ಮುಖ ನೋಡಿ, "ಹೋಗು, ಇದ್ದದ್ದು ಇದ್ದ ಹಾಗೆ ಹೇಳು" ಅಂದಳು.

ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಪಕ್ಕದ ಕೋಣೆಯ ಆ ಮಾತುಕತೆ. ಅಲ್ಲಿ ಕೇಳಿದ ಪ್ರಶ್ನಾವಳಿಯನ್ನು ಆಸ್ಟ್ರೇಲಿಯಾದ ಆಂಥನಿ ಜೋರ್ಮ್ ಮತ್ತು ಸಂಗಡಿಗರು ರೂಪಿಸಿದ್ದು. ಚಿಕ್ಕ ಆವೃತ್ತಿಯಲ್ಲಿ 16 ಪ್ರಶ್ನೆ. ರೋಗಿಯನ್ನು ಏನೂ ಕೇಳುವುದಿಲ್ಲ, ಹತ್ತಿರದಿಂದ ಬಲ್ಲವರನ್ನು ಕೇಳುತ್ತಾರೆ: 10 ವರ್ಷದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ? ಕೆಲವು ದಿನದ ಹಿಂದೆ ಆಡಿದ ಮಾತು ನೆನಪಿರುತ್ತದಾ, ವಸ್ತು ಎಂದಿನ ಜಾಗದಲ್ಲಿ ಇಲ್ಲದಿದ್ದರೆ ಹುಡುಕಿಕೊಳ್ಳುತ್ತಾರಾ, ಹೊಸ ಯಂತ್ರ ಬಳಸಲು ಕಲಿಯುತ್ತಾರಾ, ಹಣದ ವ್ಯವಹಾರ ನೋಡಿಕೊಳ್ಳುತ್ತಾರಾ? ಪ್ರತಿಯೊಂದಕ್ಕೂ 1ರಿಂದ 5ರೊಳಗೆ ಒಂದು ಅಂಕ. 3 ಅಂದರೆ ಬದಲಾವಣೆ ಇಲ್ಲ, 4 ಅಂದರೆ ಸ್ವಲ್ಪ ಕೆಟ್ಟಿದೆ, 5 ಅಂದರೆ ಬಹಳ ಕೆಟ್ಟಿದೆ.

ಒಂದೊಂದು ಅಂಕ ಹೇಳುವಾಗಲೂ ಅಮ್ಮನ ಬೆನ್ನ ಹಿಂದೆ ಚಾಡಿ ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು. ಹಣದ ಪ್ರಶ್ನೆ ಬಂದಾಗ ನಾಲ್ಕು ಅನ್ನಲೋ ಐದು ಅನ್ನಲೋ ಗೊತ್ತಾಗದೆ ಕೂತೆ. ಒಬ್ಬ ಗಿರಾಕಿಗೂ ಒಂದು ಪೈಸೆ ಹೆಚ್ಚುಕಮ್ಮಿ ಮಾಡದವಳು, ಈಗ ಕೂಲಿ ಬಂತೋ ಇಲ್ಲವೋ ಅಂತ ಎರಡೆರಡು ಸಲ ಕೇಳಿ ಅವರ ಮನಸ್ಸು ನೋಯಿಸಿದ್ದಳು. ಐದು ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಇದನ್ನು ದೂರು ಅಂದ್ಕೋಬೇಡಿ. ನನ್ನ ಹತ್ರ ಇರೋ ಕಾಗದದ ಪರೀಕ್ಷೆಗಳು ಅವರನ್ನ ಓದಿದವರ ಜೊತೆ ಹೋಲಿಸುತ್ತವೆ. ಅವರನ್ನ ಅವರ ಜೊತೆಗೇ ಹೋಲಿಸೋಕೆ ಆಗೋದು ನಿಮ್ಮಿಂದ ಮಾತ್ರ" ಅಂದರು. ಆ ಮಾತು ಕೇಳಿದ ಮೇಲೆ ನಾನು ನೇರವಾಗಿ ಉತ್ತರಿಸಿದೆ. ತಮ್ಮನನ್ನೂ ಫೋನಿನಲ್ಲಿ ಬೇರೆಯಾಗಿ ಕೇಳಿದರು. ಅವನು ಹೆಚ್ಚಿನದಕ್ಕೆಲ್ಲ 3 ಅಂದಿದ್ದ. ಅಮ್ಮನ ಜೊತೆ ಇರುವುದು ಅವನೇ. ದಿನಾ ನೋಡುವವರಿಗೆ ಇಳಿತ ಗೊತ್ತಾಗುವುದಿಲ್ಲ, ಅದಕ್ಕೇ ಇಬ್ಬರನ್ನು ಕೇಳುವುದು ಎಂದು ಡಾಕ್ಟರು ವಿವರಿಸಿದರು.

ಅಮ್ಮನ ಪರೀಕ್ಷೆ ಮಾಡಿದ್ದು ಕಿವಿ ಶುಚಿ ಮಾಡಿಸಿದ ಮೇಲೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಕನ್ನಡಕ ಹಾಕಿಸಿ, ಅವಳು ಮನೆಯಲ್ಲಿ ಆಡುವ ಭಾಷೆಯಲ್ಲಿ. ನನ್ನನ್ನು ಅವಳ ಹಿಂದೆ ಕೂರಿಸಿದರು. ಮುಂದೆ ಕೂತರೆ ಅವಳು ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡುತ್ತಾಳೆ, ನನ್ನ ಹುಬ್ಬು ಉತ್ತರ ಹೇಳಿಬಿಡುತ್ತದೆ. ಈ ಸಲದ್ದು ಎಂಎಂಎಸ್‌ಇ ಅನ್ನುವ, 30 ಅಂಕಗಳದ್ದೇ ಆದ ಇನ್ನೊಂದು ಪರೀಕ್ಷೆಯ ಜಾಡಿನದು. ಮೂಲವನ್ನು ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಒಂದು ವಾಕ್ಯ ಬರೆಯಿರಿ ಎಂಬ ಪ್ರಶ್ನೆಯಿದೆ. ಓದುಬರಹ ಬಾರದವರು ಏನು ಮಾಡಬೇಕು? 1995ರಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಶಾಲೆ ಕಾಣದ ಹಳ್ಳಿಯ ಹಿರಿಯರಿಗಾಗಿ ಅದರ ಹಿಂದಿ ರೂಪ ಮಾಡಿದಾಗ, ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದು ಬದಲಿಸಿದರು. ಏಳು ಕಳೆಯುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಇಂಥ ಬದಲಾವಣೆ ಮಾಡಿದ ನಮೂನೆಯನ್ನೇ ಅಮ್ಮನಿಗೂ ಬಳಸಿದರು. ಮನೆಯ ಬಗ್ಗೆ ಹೇಳಿ ಅಂದಾಗ ಅಮ್ಮ, "ನನ್ನ ಮಿಷನ್ನು ಕಿಟಕಿ ಹತ್ರ ಇದೆ, ಬೆಳಕು ಚೆನ್ನಾಗಿ ಬರುತ್ತೆ" ಅಂದಳು.

ಪೆನ್ನು, ಕೈಗಡಿಯಾರ ತೋರಿಸಿ ಹೆಸರು ಕೇಳಿದರು. ಇದೆಂಥ ಎಳೆಯರ ಪ್ರಶ್ನೆ ಅಂದುಕೊಂಡಿದ್ದೆ. ಆಮೇಲೆ ಓದಿ ತಿಳಿದೆ: 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಅಲೊಯ್ಸ್ ಅಲ್ಜೈಮರ್ ಎಂಬ ವೈದ್ಯರು ಆಗುಸ್ಟೆ ಎಂಬ 51 ವರ್ಷದ ಹೆಂಗಸಿನ ಮುಂದೆ ಕೂತು ಮಾಡಿದ್ದೂ ಇದನ್ನೇ. ಪೆನ್ಸಿಲ್, ಪೆನ್ನು, ಬೀಗದ ಕೈ ಇಂಥವನ್ನು ತೋರಿಸಿ ಹೆಸರು ಹೇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ಏನೇನು ತೋರಿಸಿದೆ ಎಂದು ಕೇಳಿದರು. ಹೆಸರು ಹೇಳಿದ್ದ ಆಕೆಗೆ ತೋರಿಸಿದ್ದು ನೆನಪಿರಲಿಲ್ಲ. ಆ ಕಾಯಿಲೆಗೆ ಇವತ್ತು ಅವರದೇ ಹೆಸರಿದೆ, ಪ್ರಶ್ನೆಗಳ ಬಗೆ ಹೆಚ್ಚೇನೂ ಬದಲಾಗಿಲ್ಲ.

ಗಡಿಯಾರ ಬಿಡಿಸುವುದನ್ನು ಬೇರೆಯಾಗಿ ಮಾಡಿಸಿದರು. ವೃತ್ತ ಹಾಕಿ, ಅಂಕಿ ತುಂಬಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಅಮ್ಮನ ವೃತ್ತ ಕೈವಾರ ಹಿಡಿದು ಹಾಕಿದಷ್ಟು ಚೆಂದ ಬಂತು, ಕುತ್ತಿಗೆಯ ಸುತ್ತಳತೆ ಕತ್ತರಿಸಿ ಪಳಗಿದ ಕೈ. ಅಂಕಿಗಳೂ ಜಾಗದಲ್ಲೇ ಕೂತವು. ಚಿಕ್ಕ ಮುಳ್ಳನ್ನು 11ಕ್ಕೆ ಇಟ್ಟಳು, ದೊಡ್ಡ ಮುಳ್ಳನ್ನು 10ಕ್ಕೆ ಇಟ್ಟಳು. ಆ ಸಮಯವನ್ನೇ ಆರಿಸುವುದಕ್ಕೆ ಕಾರಣ ಇದೆಯಂತೆ. ಹತ್ತು ನಿಮಿಷ ಅಂದ ತಕ್ಷಣ 10 ಅಂಕಿ ಕಣ್ಣನ್ನು ಎಳೆಯುತ್ತದೆ. ಆ ಸೆಳೆತವನ್ನು ತಡೆದು, ಹತ್ತು ನಿಮಿಷಕ್ಕೆ ಮುಳ್ಳು 2ರ ಮೇಲಿರಬೇಕು ಎಂದು ಯೋಚಿಸಲು ಮಿದುಳಿನ ಮುಂಭಾಗ ಎಚ್ಚರವಿರಬೇಕು. ಒಂದು ಸಣ್ಣ ಚಿತ್ರದಲ್ಲಿ ಕೈ, ಕಣ್ಣು, ಅಂಕಿ, ಯೋಜನೆ, ಸಂಯಮ ಎಲ್ಲವೂ ಕಾಣುತ್ತವೆ.

ಅವತ್ತಿನ ಅಂಕ 21. ನೆನಪಿಡಲು ಕೊಟ್ಟ ಮೂರು ಪದಗಳಲ್ಲಿ ಸೊನ್ನೆ. ಇದು ತಪಾಸಣೆ ಅಷ್ಟೇ, ಕಾಯಿಲೆ ಯಾವುದು ಅಂತ ಇದರಿಂದ ಹೇಳುವುದಿಲ್ಲ ಎಂದು ಡಾಕ್ಟರು ಅಮ್ಮನಿಗೇ ಹೇಳಿದರು. ಮನಸ್ಸಿನ ಕುಗ್ಗುವಿಕೆಯ ಬಗ್ಗೆ ಹಿರಿಯರಿಗೆಂದೇ ಇರುವ 15 ಪ್ರಶ್ನೆ ಕೇಳಿದರು, ಅದರಲ್ಲಿ ತೊಂದರೆ ಕಾಣಲಿಲ್ಲ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಬಿ12 ತೀರಾ ಕಡಿಮೆ. ತಲೆಯ ಎಂಆರ್‌ಐ ಆಯಿತು. ಬಿ12 ಚುಚ್ಚುಮದ್ದು ಶುರುವಾಯಿತು, ಮೂತ್ರದ ಮಾತ್ರೆ ಬದಲಾಯಿತು, ಶ್ರವಣ ಸಾಧನ ಬಂತು. ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ, ಆದ್ದರಿಂದ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಆ ವಾರಗಳು ಕಷ್ಟದವೇ.

ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆ, ಈ ಸಲ ಬೇರೆ ಪದಗಳು. ಅಮ್ಮ ಚುರುಕಾಗಿದ್ದಳು. ವಾರದ ದಿನಗಳನ್ನು ಹಿಂದಿನಿಂದ ಸರಸರ ಹೇಳಿದಳು. ದೊಡ್ಡ ಮುಳ್ಳು 2ರ ಮೇಲೆ ಕೂತಿತು. 25 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕೆಳಗಾದರೆ ಸಂಶಯ ಪಡುವುದು ರೂಢಿ. ನಾವು ಗೆರೆ ದಾಟಿದ್ದೆವು. ತಮ್ಮ ಅವತ್ತು ಜೊತೆಗೇ ಬಂದಿದ್ದ, "ನೋಡಿದ್ಯಾ ಅಕ್ಕಾ" ಅಂದ.

ಡಾಕ್ಟರು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಕಳೆದುಹೋದ ಐದು ಅಂಕಗಳಲ್ಲಿ ಎರಡು ದಿನಾಂಕದ ಪ್ರಶ್ನೆಗಳದ್ದು, ಮೂರು ಆ ಮೂರು ಪದಗಳದ್ದು. ಪದ ನೆನಪಾಗದಿದ್ದಾಗ, ಅಂಕಕ್ಕೆ ಸೇರಿಸದೆ, ಅವರು ಸುಳಿವು ಕೊಟ್ಟಿದ್ದರು: ಅದೊಂದು ಪ್ರಾಣಿ ಎಂದರು, ಆಮೇಲೆ ಮೂರು ಪ್ರಾಣಿಗಳ ಹೆಸರು ಹೇಳಿ ಇದರಲ್ಲಿ ಯಾವುದು ಎಂದರು. ಅಮ್ಮ ಆ ಪದವನ್ನು ಕೇಳಿಯೇ ಇಲ್ಲ ಎನ್ನುವ ಹಾಗೆ ನೋಡಿದ್ದಳು. ಗಮನ ಕಡಿಮೆ ಇದ್ದವರಲ್ಲಿ, ಮನಸ್ಸು ಕುಗ್ಗಿದವರಲ್ಲಿ ನೆನಪು ಒಳಗೆ ಇರುತ್ತದೆ, ಹುಡುಕಿ ತೆಗೆಯುವುದು ಕಷ್ಟ. ಸುಳಿವು ಕೊಟ್ಟರೆ ಎಷ್ಟೋ ಸಲ ಸಿಗುತ್ತದೆ. ಅಲ್ಜೈಮರ್‌ನಲ್ಲಿ ನೆನಪು ಒಳಗೆ ಸರಿಯಾಗಿ ದಾಖಲಾಗುವುದೇ ಇಲ್ಲ. ಮನೆಯಲ್ಲಿ ನನಗೆ ಕಾಣದೇ ಹೋದ ಆ "ಹೌದಲ್ಲಾ" ಇದೇ ಎಂದು ಆಗ ಹೊಳೆಯಿತು. ಸರಿಮಾಡಬಹುದಾದದ್ದೆಲ್ಲ ಸರಿಯಾಗಿತ್ತು, ಅಂಕ ಏರಿದ್ದು ಅದರಿಂದ. ಉಳಿದುಕೊಂಡದ್ದು ಕಾಯಿಲೆ. ಮನಶ್ಶಾಸ್ತ್ರಜ್ಞೆಯೊಬ್ಬರು ಎರಡು ಮೂರು ಗಂಟೆಯ ದೀರ್ಘ ಪರೀಕ್ಷೆ ಮಾಡಿದರು. ಎಂಆರ್‌ಐಯಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗ ವಯಸ್ಸಿಗೆ ಮೀರಿ ಕುಗ್ಗಿರುವುದೂ ಕಂಡಿತ್ತು. ಹಣ, ಔಷಧ ಎರಡಕ್ಕೂ ಇನ್ನೊಬ್ಬರ ನೆರವು ಬೇಕಾಗಿರುವುದರಿಂದ ಇದನ್ನು ಬರೀ ಸೌಮ್ಯ ಮರೆವು ಅನ್ನಲಾಗದು, ಆರಂಭದ ಹಂತದ ಅಲ್ಜೈಮರ್ ಎಂದೇ ನೋಡಬೇಕು ಅಂದರು. ಡೊನೆಪೆಜಿಲ್ ಈಗ ಶುರುವಾಯಿತು. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಸ್ವಲ್ಪ ಕಾಲ ದಿನಗಳನ್ನು ಹಗುರ ಮಾಡುತ್ತದೆ ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು.

ಹಾಗಾದರೆ ಏನೂ ತೊಂದರೆ ಇಲ್ಲದ ಹಿರಿಯರೆಲ್ಲರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕಾ ಎಂದು ಕೇಳಿದೆ. ಅಮೆರಿಕದ ತಡೆ ಸೇವೆಗಳ ಕಾರ್ಯಪಡೆ 2020ರಲ್ಲಿ, ಲಕ್ಷಣವಿಲ್ಲದವರಿಗೆ ಇದರಿಂದ ಲಾಭ ಹೆಚ್ಚೋ ಹಾನಿ ಹೆಚ್ಚೋ ಹೇಳಲು ಪುರಾವೆ ಸಾಲದು ಎಂದಿದೆಯಂತೆ. ಆದರೆ ಅವರಿಗೋ ಮನೆಯವರಿಗೋ ಬದಲಾವಣೆ ಕಂಡಿದ್ದರೆ ಕಾಯಬೇಡಿ ಅಂದರು.

ಫಲಿತಾಂಶವನ್ನು ಅಮ್ಮನಿಗೇ ಹೇಳಿದರು, ಅವಳು ಕೇಳಿಕೊಂಡಿದ್ದ ಹಾಗೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಿಯೋದು ಬಿಡ್ಬೇಕಾ?" ಎಂದು ಕೇಳಿದಳು. ಬೇಡ, ಕೈ ಕಲಿತದ್ದು ಬಹಳ ಕಾಲ ಉಳಿಯುತ್ತದೆ, ಅಳತೆ ಮಾತ್ರ ಬರೆದಿಟ್ಟುಕೊಳ್ಳಿ ಎಂದರು ಡಾಕ್ಟರು. ಮನೆಗೆ ಬಂದ ಮೇಲಿನ ವಾರಗಳಲ್ಲಿ ಅವಳೇ ನಮ್ಮಿಬ್ಬರನ್ನು ಕೂರಿಸಿಕೊಂಡು ಹಣದ ವ್ಯವಹಾರ ಯಾರು ನೋಡಬೇಕು, ಮುಂದೆ ತನ್ನ ಪರವಾಗಿ ಆಸ್ಪತ್ರೆಯಲ್ಲಿ ಯಾರು ಮಾತಾಡಬೇಕು, ತನಗೆ ಏನು ಬೇಡ ಎಂದು ಹೇಳಿದಳು. ಕಾಗದಪತ್ರ ಮಾಡಿಸಿ, ಅರ್ಥವಾಗುವವರೆಗೂ ಕೇಳಿ, ಸಹಿ ಹಾಕಿದಳು. ಇನ್ನೆರಡು ವರ್ಷ ತಡಮಾಡಿದ್ದರೆ ಈ ನಿರ್ಧಾರಗಳು ನಮ್ಮ ತಲೆಗೆ ಬರುತ್ತಿದ್ದವು, ಅವಳದಾಗಿರುತ್ತಿರಲಿಲ್ಲ.

ಅವಳು ಏನನ್ನು ತಾನಾಗಿಯೇ ಮಾಡಿದಳು, ಯಾವುದಕ್ಕೆ ನೆರವು ಬೇಕಾಯಿತು ಎಂದು ತಿಂಗಳಿಗೊಮ್ಮೆ ಒಂದು ಪುಟ ಬರೆದಿಡಿ, ಮುಂದಿನ ಪರೀಕ್ಷೆಯಲ್ಲಿ ಅಂಕಕ್ಕಿಂತ ಮೊದಲು ಅದನ್ನೇ ನೋಡುತ್ತೇನೆ ಎಂದಿದ್ದಾರೆ ಡಾಕ್ಟರು. ಆ ಪುಟಗಳನ್ನು ಈಗ ತಮ್ಮ ಬರೆಯುತ್ತಿದ್ದಾನೆ, ಅನುಮಾನ ಬಂದಾಗ ಅಮ್ಮನನ್ನೇ ಕೇಳಿ.